ಗಿಟಾರಿಗೆ ಕೊಟ್ಟ ಹಂಡೆಯ ತಳ

೧೯೧೯ನೆಯ ಇಸವಿಯಲ್ಲಿ, ಅಂಕೋಲೆಯ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆ ಅರ್ಧಕ್ಕೆ ಬಂದಿದ್ದಾಗ, ನಾನು ಓದು ನಿಲ್ಲಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ವಿದ್ಯುತ್ತು, ಅಯಸ್ಕಾಂತ, ನಾದ ಎಂದೆಲ್ಲ ದೊಡ್ಡ ಮಾತುಗಳನ್ನು ಆಡುವವನಿದ್ದೇನೆ, ಆಗ ನೀವು ಈತ ಯಾವ ಕಾಲೇಜಿನಿಂದ ಇಳಿದು ಬಂದನಪ್ಪಾ ಎಂದು ತಲೆ ಕೆರೆದುಕೊಳ್ಳಬಾರದು. ಅಪ್ಪನಿಗೆ ಗದ್ದೆಯಲ್ಲಿ ಇನ್ನೆರಡು ಕೈ ಬೇಕಾಗಿದ್ದವು, ನನ್ನ ಬಳಿ ಸರಿಯಾಗಿ ಎರಡಿದ್ದವು, ವ್ಯವಹಾರ ಮುಗಿಯಿತು. ಮಾಸ್ತರರು ಅಳಲಿಲ್ಲ. ನಾನೂ ಅಳಲಿಲ್ಲ. ಅವರ ಮೇಜಿನ ಮೇಲಿದ್ದ ಭೂಗೋಳವನ್ನು ಇನ್ನೊಮ್ಮೆ ತಿರುಗಿಸಿ ನೋಡಲಾಗಲಿಲ್ಲವಲ್ಲ ಎಂಬ ಒಂದು ಸಣ್ಣ ಕೊರಗು ಮಾತ್ರ ಉಳಿದುಕೊಂಡಿತು. ಉಳಿದ ವಿದ್ಯೆಯನ್ನೆಲ್ಲ ನಾನು ಕೈ ಸುಟ್ಟುಕೊಂಡೇ ಕಲಿತೆ, ಮತ್ತು ಆ ಸಂಗತಿಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದೆ.

ಈಗ ನಾನಿರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲಿಗೆ ಸೇರುವ ತುಸು ಮೊದಲು, ಮರ ಕೊಯ್ಯುವ ಒಂದು ಗಿರಣಿಯ ಬೆನ್ನಿಗಂಟಿಕೊಂಡ ಮನೆಯಲ್ಲಿ. ಗಿರಣಿಯ ತೈಲದ ಇಂಜಿನ್ನನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಈ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಮೆಟ್ಟಿಲ ಬದಿಯಲ್ಲಿ ಕುಳಿತಿರುವ ಒಂದು ತಾಮ್ರದ ಹಂಡೆ. ಸ್ನಾನಕ್ಕೆ ನೀರು ಕಾಯಿಸುವ, ಹೊಟ್ಟೆ ಉಬ್ಬಿದ, ಮುತ್ತಜ್ಜಿಯ ಕಾಲದ ಹಂಡೆ. ಅದರಲ್ಲೊಂದು ಅಬ್ಬಲಿಗೆ ಗಿಡ ಬೆಳೆದಿದೆ, ಕೇಸರಿ ಬಣ್ಣದ ಹೂವು ಬಿಡುತ್ತದೆ. ಇಷ್ಟು ಒಳ್ಳೆಯ ಹಂಡೆಯಲ್ಲಿ ಯಾರಾದರೂ ಹೂವಿನ ಗಿಡ ನೆಡುತ್ತಾರೆಯೇ ಎಂದು ಬಂದವರು ಬಗ್ಗಿ ನೋಡುತ್ತಾರೆ. ಕಚೇರಿಯ ಗುಮಾಸ್ತರೊಬ್ಬರು ಹಾಗೆ ಬಗ್ಗಿ, ಹಂಡೆಯ ಬುಡವನ್ನು ಬೆರಳಿನಿಂದ ಕೆದಕಿ, ಅದಕ್ಕೆ ತಳವೇ ಇಲ್ಲದ್ದನ್ನು ಕಂಡು, ಏನೋ ಅಶುಭವನ್ನು ನೋಡಿದವರಂತೆ ಹಿಂದೆ ಸರಿದರು. ಒಳಗಿನಿಂದ ನನ್ನ ಹೆಂಡತಿ ಹೊನ್ನಮ್ಮ ಕೂಗಿ ಹೇಳಿದಳು:

"ಅದ್ರ ತಳಾ ಹುಡುಕ್ಬೇಡ್ರಾ. ನಮ್ಮನೆಯವ್ರು ಅದನ್ನ ಗಿಟಾರಿಗೆ ಮದ್ವಿ ಮಾಡ್ ಕೊಟ್ಟಾರೆ!"

ಗುಮಾಸ್ತರಿಗೆ ಅರ್ಥವಾಗಲಿಲ್ಲ. ನಿಮಗೆ ಆಗಲಿ ಎಂದು ಈ ಪ್ರಬಂಧ.

ಗಿರಣಿಯ ಗೋಡೆಯಾಚೆಗೆ ಪೆದ್ರು ಮೇಸ್ತ್ರಿಯ ಮನೆ. ನಾವು ಕೊಯ್ದ ಸಾಗವಾನಿಗೆ ಆತ ಕುರ್ಚಿಯ ರೂಪ ಕೊಡುತ್ತಾನೆ, ಕಪಾಟಿನ ರೂಪ ಕೊಡುತ್ತಾನೆ. ಸಂಜೆಯಾದರೆ ಗಿಟಾರು ಹಿಡಿಯುತ್ತಾನೆ. ಕೋಡಿಬಾಗದ ಕ್ರಿಸ್ತಾಂವರ ಮನೆಗಳಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳನ್ನು ಅಂಗಳದ ಚಪ್ಪರದಡಿ ಕೂರಿಸಿ, ನೆಂಟರಿಷ್ಟರೆಲ್ಲ ಒಬ್ಬೊಬ್ಬರಾಗಿ ಬಂದು ತಲೆಯ ಮೇಲೆ ತೆಂಗಿನ ಹಾಲು ಎರೆಯುತ್ತಾರೆ; ಹೆಂಗಸರು ಕೊಂಕಣಿಯಲ್ಲಿ ಹಾಡುತ್ತಾರೆ. ಅಂಥ ಯಾವ ಸಂಜೆಯೂ ಪೆದ್ರುವಿನ ಗಿಟಾರಿಲ್ಲದೆ ಕಳೆದದ್ದಿಲ್ಲ. ಹೀಗಿರುವಾಗ ಒಂದು ದಿನ ಮರದ ದಿಮ್ಮಿಯೊಂದು ಉರುಳಿ ಆತನ ಬಲಗೈಯ ಮೇಲೆ ಕುಳಿತಿತು. ಬೆರಳುಗಳು ಉಳಿದವು, ಅವುಗಳ ಬಲ ಉಳಿಯಲಿಲ್ಲ. ಉಳಿ ಹಿಡಿಯುವುದಕ್ಕೆ ಎಡಗೈ ಕಲಿತುಕೊಂಡಿತು. ತಂತಿ ಮೀಟುವುದನ್ನು ಮಾತ್ರ ಬಲಗೈ ಬಿಟ್ಟುಕೊಡಲಿಲ್ಲ. ಆದರೆ ಅದು ಮೀಟಿದ್ದು ಪಕ್ಕದಲ್ಲಿ ಕುಳಿತವನಿಗೂ ಕೇಳುತ್ತಿರಲಿಲ್ಲ. ಮಲಗಿದ ಕೂಸಿನ ಕೆನ್ನೆ ಸವರಿದಷ್ಟು ಮೆಲ್ಲಗೆ ಆತ ತಂತಿ ಸವರುತ್ತಿದ್ದ.

ಅದೇ ಹೊತ್ತಿಗೆ ಆತನ ಒಬ್ಬಳೇ ಮಗಳು ಕಾರ್ಮಿನಳಿಗೆ ನದಿಯಾಚೆಯ ಸದಾಶಿವಗಡದಲ್ಲಿ ಗಂಡು ಗೊತ್ತಾಯಿತು. ಮದುವೆ ಬರುವ ಮೇ ತಿಂಗಳಿಗೆ ಎಂದರು. ಗಿರಣಿಯ ಬಾಗಿಲಲ್ಲಿ ನಿಂತು ಆ ಹುಡುಗಿ ಅಪ್ಪನನ್ನು ಕೆಣಕಿದ್ದು ಇನ್ನೂ ಕಿವಿಯಲ್ಲಿದೆ.

"ಊರಿನ ಹುಡ್ಗೀರ್ ರೋಸಿಗೆಲ್ಲಾ ಬಾರ್ಸ್ದೆ. ನನ್ ರೋಸಿಗೆ ಯಾರ್ ಅಪ್ಪನ್ನ ಕರೀಬೇಕು ಪಾಯ್, ಹೇಳು ಕಾಂಬ?"

ಪಾಯ್ ಎಂದರೆ ಅವರ ಮನೆಮಾತಿನಲ್ಲಿ ಅಪ್ಪ. ಆಕೆ ನಗುತ್ತ ಹೇಳಿದಳು, ಪೆದ್ರು ನಗುತ್ತ ಕೇಳಿದ. ಆಮೇಲೆ ಹುಡುಗಿ ಹೋದ ಮೇಲೆ ಆತ ಬಹಳ ಹೊತ್ತು ಒಂದು ನಯವಾದ ಹಲಗೆಯನ್ನೇ ಮತ್ತೆ ಮತ್ತೆ ಹತ್ತರಿ ಹೊಡೆದು ನಯ ಮಾಡುತ್ತಿದ್ದ. ನೋಡಲಾಗದೆ ನಾನು ಬಾಯಿಬಿಟ್ಟೆ: "ಬಾರಿಸ್ತೆ ನೀನೇ. ಕೇಳೂ ಹಂಗೆ ನಾ ಮಾಡ್ತೆ."

ಹೆಮ್ಮೆಯ ಮನುಷ್ಯನ ಬಾಯಿಗೆ ಬೀಗವಿರುವುದಿಲ್ಲ. ಹೇಗೆ ಮಾಡುತ್ತೇನೆಂಬುದು ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ. ಹಡಗಿನಲ್ಲಿ ಅಡಿಗೆ ಮಾಡುವ ಪೆದ್ರುವಿನ ಸೋದರಳಿಯನೊಬ್ಬ, ಅಮೆರಿಕೆಯ ಕಡೆ ಗಿಟಾರಿನ ಹೊಟ್ಟೆಗೆ ಅಯಸ್ಕಾಂತ ಇಟ್ಟು ವಿದ್ಯುತ್ತಿನಿಂದ ಹಾಡಿಸುತ್ತಾರಂತೆ ಎಂದು ಹೇಳಿಹೋಗಿದ್ದ. ಅಷ್ಟೇ ನಮಗೆ ಸಿಕ್ಕ ಪಾಠ. ಪೆದ್ರು ಸಾಗವಾನಿಯ ಒಂದು ದಪ್ಪ ಹಲಗೆಯಲ್ಲಿ ಗಿಟಾರಿನ ಮೈ ಕೆತ್ತಿದ. ಕೆಟ್ಟುಹೋದ ಮೋಟಾರೊಂದರಿಂದ ನಾನು ಕುದುರೆಲಾಳದ ಅಯಸ್ಕಾಂತ ಕಿತ್ತು ತಂದೆ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಅದಕ್ಕೆ ಸುತ್ತುತ್ತ ಸುತ್ತುತ್ತ ಕಣ್ಣು ಮಂಜಾದವು. ಉಕ್ಕಿನ ತಂತಿಗಳು ಮುಂಬಯಿಯಿಂದ ಬಂದವು. ಹಿಂದಿನ ವರ್ಷ ಕಾರವಾರದ ಮರಳಿನಲ್ಲಿ ಡೇರೆ ಹೊಡೆದಿದ್ದ ಟಾಕಿ ಸಿನೆಮಾದವರು ಊರು ಬಿಡುವಾಗ, ಹೊರಲಾಗದೆ ಎಸೆದುಹೋದ ಒಂದು ಧ್ವನಿಪೆಟ್ಟಿಗೆ ನನ್ನಲ್ಲಿತ್ತು, ಕಬ್ಬಿಣದ ಪೆಟ್ಟಿಗೆ, ಗಾಜಿನ ವಾಲ್ವು, ದನಿ ಹೊರಡುವ ತಗಡಿನ ಭೋಂಗಾ. ಅದನ್ನು ಬದುಕಿಸಿದೆ. ಗಿರಣಿಯ ಇಂಜಿನ್ನಿಗೆ ದೀಪದ ಡೈನಮೊ ಇದ್ದೇ ಇತ್ತು. ಸಾಹುಕಾರರ ಒಪ್ಪಿಗೆ ಪಡೆದು ಗೋಡೆಯ ಮೇಲಿಂದ ಎರಡು ತಂತಿಗಳನ್ನು ಪೆದ್ರುವಿನ ಜಗಲಿಗೆ ಇಳಿಸಿದೆ.

ಪೆದ್ರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಔಷಧದ ಗಾಜಿನ ಸೀಸೆ ಹಿಡಿದು ತಂತಿಗಳ ಮೇಲೆ ಜಾರಿಸುತ್ತ ಬಾರಿಸುವವನು. ಆ ದಿನ ನಾನು ಗುಂಡಿ ತಿರುಗಿಸಿದೆ. ಆತ ಇನ್ನೂ ತಂತಿ ಮುಟ್ಟಿರಲಿಲ್ಲ, ಆಗಲೇ ಭೋಂಗಾದಿಂದ ಗುಂಯ್ ಎಂಬ ನಾದ ಹೊರಟು ಅಂಗಳದ ನಾಯಿ ಎದ್ದು ಹೋಯಿತು.

"ಅರೇ ಸಾಯ್ಬಾ! ಬೀರಣ್ಣಾ, ಇದು ಗಿಟಾರಲ್ವೋ, ಹೆಜ್ಜೇನಿನ ಗೂಡು," ಎಂದ ಪೆದ್ರು.

ಆದರೆ ಆತ ಬಲಗೈಯ ಬೆರಳನ್ನು ತಂತಿಯ ಮೇಲಿಟ್ಟೊಡನೆ ಆ ಗುಂಯ್‌ಕಾರ ಅಡಗಿತು. ಎತ್ತಿದ, ಹೊರಟಿತು. ಇಟ್ಟ, ಅಡಗಿತು. ನಾವಿಬ್ಬರೂ ಬಾಯಿ ತೆರೆದು ಕುಳಿತೆವು. ಗೋಡೆಯಾಚೆಯಿಂದ ಇಣುಕುತ್ತಿದ್ದ ಹೊನ್ನಮ್ಮನಿಗೆ ಮಾತ್ರ ಅದರಲ್ಲೇನೂ ಸೋಜಿಗ ಕಾಣಲಿಲ್ಲ.

"ಹಟಮಾರಿ ಕೂಸು ಹಂಗೇ. ಮೈಮೇಲೆ ಕೈ ಇದ್ರೆ ಸುಮ್ಗಿರ್ತದೆ, ತೆಗದ್ರೆ ಅಳ್ತದೆ. ಅದ್ಕೆ ದಿನಾ ಪೂರ್ತಿ ಕೈ ಇಟ್ಕಂಡ್ ಕೂರೂಕೆ ಒಬ್ಳು ದಾದಿನ ತರ್ಸಿ!"

ಇಂಥ ಮಾತುಗಳನ್ನು ನಾನು ಕೇಳಿಸಿಕೊಳ್ಳದವನಂತೆ ನಟಿಸುತ್ತೇನೆ, ಆಮೇಲೆ ಒಬ್ಬನೇ ಕುಳಿತು ಉಪಯೋಗಿಸಿಕೊಳ್ಳುತ್ತೇನೆ. ಗಾಳಿಯಲ್ಲಿ ಅಲೆಯುವ ವಿದ್ಯುತ್ತಿನ ಗೊಂದಲವೆಲ್ಲ ದಿಕ್ಕಿಲ್ಲದೆ ಗಿಟಾರಿನ ತಂತಿಯೊಳಗೆ ಹೊಕ್ಕು ಕುಳಿತಿದೆ, ಮನುಷ್ಯ ಮುಟ್ಟಿದಾಗ ಅದಕ್ಕೆ ಆತನ ಮೈಯ ಮೂಲಕ ನೆಲಕ್ಕಿಳಿಯುವ ದಾರಿ ಸಿಗುತ್ತದೆ, ಆದ್ದರಿಂದ ಸುಮ್ಮನಾಗುತ್ತದೆ. ಹಾಗಾದರೆ ಮನುಷ್ಯನ ಬದಲಿಗೆ ಒಂದು ತಂತಿಯೇ ಆ ದಾರಿಯಾಗಬಾರದೇಕೆ? ಗಿಟಾರಿನ ತಂತಿಗಳನ್ನೆಲ್ಲ ಬಿಗಿದ ಹಿತ್ತಾಳೆಯ ಪಟ್ಟಿಯಿಂದ ಧ್ವನಿಪೆಟ್ಟಿಗೆಯ ಕಬ್ಬಿಣಕ್ಕೆ, ಕಬ್ಬಿಣದಿಂದ ಮಣ್ಣಿಗೆ. ಈ ಕೊನೆಯ ತುಂಡನ್ನು ನಾನು ಮಣ್ಣಿನ ತಂತಿ ಎಂದು ಕರೆದೆ.

ಓದುಗರೇ, ಒಂದು ಗಳಿಗೆ ಇಲ್ಲಿ ನಿಂತು ಯೋಚಿಸಿ: ನಮ್ಮ ನಡುವೆ ಮಣ್ಣಿನ ತಂತಿ ಇಲ್ಲದ ಗಿಟಾರುಗಳು ಎಷ್ಟಿಲ್ಲ! ಮುಂಬಯಿಯ ಖಾನಾವಳಿಯಲ್ಲಿ ಎರಡು ಮಳೆಗಾಲ ತಟ್ಟೆ ಎತ್ತಿ ಬಂದ ನನ್ನ ದಾಯಾದಿಯೊಬ್ಬ, ಯಾರೂ ಮೀಟದಿದ್ದರೂ 'ಮುಂಬಯಿಯಲ್ಲಿ ಹೀಗಲ್ಲ, ಮುಂಬಯಿಯಲ್ಲಿ ಹೀಗಲ್ಲ' ಎಂದು ಹಗಲಿಡೀ ಗುಂಯ್‌ಗುಡುತ್ತಾನೆ. ನಮ್ಮ ಗುಮಾಸ್ತರು ಸಾಹೇಬರೊಡನೆ ಒಮ್ಮೆ ಒಂದೇ ಮೋಟಾರಿನಲ್ಲಿ ಅಂಕೋಲೆಗೆ ಹೋಗಿಬಂದದ್ದನ್ನು ಇಂದಿಗೂ ನಾದವಾಗಿ ಹೊರಡಿಸುತ್ತಾರೆ. ನಾನೇನು ಕಡಿಮೆಯೇ? ಐದನೆಯ ಇಯತ್ತೆ ಮುಗಿಸದೆಯೂ ಇಂಜಿನ್ನು ಬಿಚ್ಚಿ ಜೋಡಿಸುತ್ತೇನೆಂಬ ನನ್ನ ರಾಗ ಶುರುವಾದರೆ ಹೊನ್ನಮ್ಮ ನನ್ನ ಮುಂದೆ ಗಂಜಿಯ ಬಟ್ಟಲು ತಂದಿಡುತ್ತಾಳೆ. ಅಷ್ಟಕ್ಕೇ ರಾಗ ನಿಲ್ಲುತ್ತದೆ.

ಆ ತಂತಿಯ ತುದಿಗೆ ಕಟ್ಟಿ ಮಣ್ಣಿನೊಳಗೆ ಹೂಳಲು ಅಗಲವಾದ ತಾಮ್ರದ ತಗಡು ಬೇಕಿತ್ತು. ಅಂಕೋಲೆಯಿಂದ ಅವ್ವ ಕಳಿಸಿದ್ದ ಹಂಡೆ ಬಚ್ಚಲಲ್ಲಿತ್ತು. ಪಕ್ಕೆಯಲ್ಲಿ ಸೀಳು ಬಿಟ್ಟು ಸೋರುತ್ತಿದ್ದ ಅದನ್ನು ಕಂಚುಗಾರನಿಗೆ ಕೊಟ್ಟು ಹೊಸ ಕೊಡ ತರಬೇಕೆಂದು ಹೊನ್ನಮ್ಮ ದೀಪಾವಳಿಯಿಂದ ದೀಪಾವಳಿಗೆ ಕಾಯುತ್ತಿದ್ದಳು. ಆಕೆ ಹೊಳೆಗೆ ಬಟ್ಟೆ ಒಗೆಯಲು ಹೋದ ಹೊತ್ತು ನೋಡಿ ನಾನು ಅದರ ತಳ ಕೊರೆದು ತೆಗೆದೆ. ಬಂದು ನೋಡಿದವಳು ಬೈಯಲಿಲ್ಲ. ತಳವಿಲ್ಲದ ಹಂಡೆಯನ್ನು ಎತ್ತಿ ತಂದು, ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಕಾಣುವಂತೆ ಮೆಟ್ಟಿಲ ಬದಿಯಲ್ಲಿಟ್ಟು, ಮಣ್ಣು ತುಂಬಿ, ಅಬ್ಬಲಿಗೆ ನೆಟ್ಟಳು. ಬೈದಿದ್ದರೆ ಅದು ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಆ ತಳವನ್ನು ಪೆದ್ರುವಿನ ಅಂಗಳದಲ್ಲಿ ಮೊಳದಾಳ ತೋಡಿ ಹೂತೆ. ಆಗ ಮಳೆಗಾಲದ ಕೊನೆ, ಅಂಗಳವೆಲ್ಲ ಜಿನುಗುತ್ತಿತ್ತು. ಯಾರೂ ಅಗೆಯದಿರಲೆಂದು ಮೇಲೊಂದು ಚಪ್ಪಟೆ ಕಲ್ಲು ಕೂರಿಸಿದೆ. ಗುಂಡಿ ತಿರುಗಿಸಿದರೆ ಭೋಂಗಾ ಸುಮ್ಮನಿತ್ತು, ಎಷ್ಟು ಸುಮ್ಮನೆಂದರೆ ಕೆಟ್ಟೇಹೋಯಿತೆಂದು ನಾನು ಗಾಬರಿಯಾದೆ. ಪೆದ್ರು ತಂತಿ ಸವರಿದ. ಕೂಸಿನ ಕೆನ್ನೆ ಸವರುವ ಆ ಬೆರಳಿನ ನಾದ ಜಗಲಿಯಿಂದಿಳಿದು, ಗೋಡೆ ದಾಟಿ, ನದಿಯ ತನಕ ಹೋಯಿತು. ಪೆದ್ರು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನಾನು ಮಾತ್ರ ಹೇಳಬಾರದ್ದನ್ನೆಲ್ಲ ಹೇಳಿದೆ: "ರೈತನ ಮಗ ನಾನು. ಮಣ್ಣಿನ ಸ್ವಭಾವ ನಂಗೆ ಗೊತ್ತಿಲ್ದೇ ಮತ್ಯಾರಿಗೆ ಗೊತ್ತು?"

ಇನ್ನು ಮಗಳ ರೋಸಿಗೇ ಬಾರಿಸುವುದೆಂದು ಪೆದ್ರು ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಮೇಲಟ್ಟದಲ್ಲಿಟ್ಟ. ಮೇ ಬಂತು. ರೋಸಿನ ದಿನ ಮಧ್ಯಾಹ್ನ ಮತ್ತೆ ಜೋಡಿಸಿ ಗುಂಡಿ ತಿರುಗಿಸಿದೆ. ಹೆಜ್ಜೇನಿನ ಗೂಡು ಹಾಗೆಯೇ ಎದ್ದಿತು.

ಸಂಜೆಯ ತನಕ ನಾನು ಪಟ್ಟ ಪಾಡು ಕೇಳಬೇಡಿ. ಪ್ರತಿ ಗಂಟು ಬಿಚ್ಚಿ ಕಟ್ಟಿದೆ, ಪಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜಿದೆ, ವಾಲ್ವುಗಳನ್ನು ಅದಲುಬದಲು ಮಾಡಿದೆ. ಮಣ್ಣಿನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಮಣ್ಣಿನಲ್ಲಿ ತಳವನ್ನು ಹೂತವನು ರೈತನ ಮಗನಲ್ಲವೇ? ಅಷ್ಟರಲ್ಲಿ ತೆಂಗಿನ ಗರಿಯ ಚಪ್ಪರದಡಿ ಜನ ಸೇರಿತು. ಮದುಮಗಳ ಮಣೆಯನ್ನು ಬರಿಯ ಮರಳಿನ ಮೇಲೆ ಇಡಬಾರದೆಂದು ಮುದುಕಿಯರು ಅತ್ತಿತ್ತ ನೋಡಿ, ನನ್ನ ಚಪ್ಪಟೆ ಕಲ್ಲನ್ನು ಕಂಡು, ಅದರ ಮೇಲೆಯೇ ಇಟ್ಟರು. ಬಿಳಿ ಸೀರೆ ಉಟ್ಟು ಕಾರ್ಮಿನ್ ಬಂದು ಕುಳಿತಳು. ಜಗಲಿಯಲ್ಲಿ ಪೆದ್ರು ಕೋಟು ತೊಟ್ಟು, ತೊಡೆಯ ಮೇಲೆ ಗಿಟಾರು ಮಲಗಿಸಿಕೊಂಡು, ನನ್ನನ್ನೇ ನೋಡುತ್ತಿದ್ದ. ಭೋಂಗಾ ಗುಂಯ್‌ಗುಡುತ್ತಿತ್ತು.

"ಮೇಸ್ತ್ರೀ, ಗಿರಣಿ ಬಂದ್ ಮಾಡೂದ್ ಮರ್ತ್ರೇನಾ?" ಎಂದು ಗಂಡಿನ ಕಡೆಯವನೊಬ್ಬ ಕೇಳಿದ. ಎಲ್ಲರೂ ನಕ್ಕರು. ಪೆದ್ರು ನಗಲಿಲ್ಲ. ಮೆಲ್ಲಗೆ ನನಗೆ ಹೇಳಿದ: "ಬಿಡು ಬೀರಣ್ಣಾ. ಪೆಟ್ಟಿಗಿ ಆರ್ಸ್ಬಿಡು. ಹೆಂಗ್ಸ್ರು ಹಾಡ್ತಾರಲಾ, ಸಾಕು."

ಅದನ್ನು ಕೇಳಿಸಿಕೊಂಡವಳು ಮಗಳು. "ಆರ್ಸೂದ್ ಬ್ಯಾಡ. ಬಾರ್ಸು ಪಾಯ್. ನಂಗೆ ಕೇಳ್ತದೆ," ಎಂದಳು.

ಆತ ಶುರುಮಾಡಿದ. ಬೆರಳುಗಳು ಆಡುತ್ತಿದ್ದವು, ಸೀಸೆ ಜಾರುತ್ತಿತ್ತು, ಮೀಟಿದ ಬೆರಳು ತಂತಿ ಬಿಟ್ಟೊಡನೆ ಕೇಳುತ್ತಿದ್ದದ್ದು ಬರಿಯ ಗುಂಯ್‌ಕಾರ. ಮುದುಕಿಯರು ಬಂದು ತೆಂಗಿನ ಹಾಲು ಎರೆದರು. ಹಾಲು ಹುಡುಗಿಯ ತಲೆಯಿಂದ ಹೆಗಲಿಗೆ, ಹೆಗಲಿನಿಂದ ಮಣೆಗೆ, ಮಣೆಯಿಂದ ಕಲ್ಲಿನ ಅಂಚಿಗೆ ಇಳಿದು ಮರಳಿನಲ್ಲಿ ಇಂಗಿಹೋಗುತ್ತಿತ್ತು. ಆ ಮನೆಯ ರೂಢಿಯಂತೆ ಹಾಲಿನ ಹಿಂದೆಯೇ ಒಂದೊಂದು ಕೊಡ ನೀರನ್ನೂ ಅಲ್ಲಿಯೇ ಹೊಯ್ದರು. ನಾನು ಪೆಟ್ಟಿಗೆಯ ಹಿಂದೆ ಮೂಗು ತೂರಿಸಿ ಕುಳಿತಿದ್ದೆ. ಗುಂಯ್‌ಕಾರ ಒಂದು ಮೆಟ್ಟಿಲು ಕೆಳಗಿಳಿದಂತಾಯಿತು. ನಾನು ಹಿಡಿದಿದ್ದ ಗಂಟಿನದೇ ಪ್ರಭಾವವೆಂದು ಅದನ್ನು ಇನ್ನಷ್ಟು ಬಿಗಿದೆ.

ಹಿಂದಿನಿಂದ ಯಾರೋ ನನ್ನ ಹೆಗಲು ತಿವಿದರು. ಹೊನ್ನಮ್ಮ.

"ಆ ಗಂಟಿನ ಜೀವಾ ತಿನ್ಬೇಡಿ. ನೀರ್ ಬಿದ್ದಾಗೆಲ್ಲಾ ಕಡ್ಮೆ ಆಗೂದ್ ಕಾಣ್ಲಾ? ನನ್ ಹಂಡಿ ತಳಾ ಆ ಹುಡ್ಗಿ ಕಾಲ್ ಕೆಳ್ಗೇ ಅದೆ ಅಲಾ? ಹುಟ್ಟಿದ್ ದಿನ್ದಿಂದ ನೀರ್ ಕುಡ್ದದ್ದು ಅದು, ಬಾಯಾರದೆ ಇರ್ತದಾ?"

ನನಗೆ ಹೊಳೆಯುವ ಮೊದಲೇ ಆಕೆ ಸೆರಗು ಸಿಕ್ಕಿಸಿ ಬಾವಿಗೆ ಹೋಗಿಯಾಗಿತ್ತು. ಒಂದು ಕೊಡ ತಂದು ಕಲ್ಲಿನ ಬುಡಕ್ಕೆ ಹೊಯ್ದಳು. ಮತ್ತೊಂದು ತಂದಳು. ಶಾಸ್ತ್ರದಲ್ಲಿ ಇದೂ ಒಂದಿರಬೇಕೆಂದು ಗಂಡಿನ ಕಡೆಯ ಹೆಂಗಸರೂ ಕೊಡ ಹಿಡಿದರು. ಕಾರ್ಮಿನ್ ಕಾಲ ಬೆರಳುಗಳನ್ನು ಎತ್ತಿಕೊಂಡು ಕುಲುಕುಲು ನಗುತ್ತಿದ್ದಳು. ಹೆಜ್ಜೇನು ದೂರ ದೂರ ಹೋಯಿತು, ಸೊಳ್ಳೆಯಾಯಿತು, ಆಮೇಲೆ ಇಲ್ಲವಾಯಿತು.

ಆ ಖಾಲಿ ಜಾಗಕ್ಕೆ ಪೆದ್ರುವಿನ ಬೆರಳು ಬಂತು. ಹಾಡುತ್ತಿದ್ದ ಹೆಂಗಸರು ತಾವಾಗಿಯೇ ದನಿ ತಗ್ಗಿಸಿದರು. ಗಿರಣಿ ಬಂದ್ ಮಾಡಲು ಹೇಳಿದ್ದವನು ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪೆದ್ರು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಮಗಳು ಹಾಲು ನೀರು ಒಟ್ಟಿಗೆ ಇಳಿಯುತ್ತಿದ್ದ ಮುಖವನ್ನು ಒರೆಸಿಕೊಳ್ಳದೆ ಅಪ್ಪನ ಕಡೆಗೇ ನೋಡುತ್ತಿದ್ದಳು. ಅಳುತ್ತಿದ್ದಳೋ ಎಂದು ಕೇಳಿದರೆ, ಅಷ್ಟು ಒದ್ದೆಯಾದ ಮುಖದಲ್ಲಿ ಅದನ್ನು ಹೇಳಲು ನನ್ನಿಂದಾಗದು.

ಎಲ್ಲ ಮುಗಿದ ಮೇಲೆ ಮರಳನ್ನು ಕೈಯಲ್ಲಿ ಹಿಡಿದು ನೋಡಿದೆ. ನಮ್ಮ ಅಂಕೋಲೆಯ ಗದ್ದೆಯಲ್ಲಿ ಮೊಳದಾಳ ತೋಡಿದರೆ ಬೇಸಗೆಯಲ್ಲಿಯೂ ತಂಪು ಮಣ್ಣು ಸಿಗುತ್ತದೆ. ಆ ಜಿಗುಟು ಮಣ್ಣನ್ನು ನಂಬಿ ನಾನು ಕೋಡಿಬಾಗದ ಮರಳನ್ನು ಅಳೆದಿದ್ದೆ. ಮರಳು ಮಳೆಗಾಲದಲ್ಲಿ ಮಣ್ಣಿನ ವೇಷ ಹಾಕುತ್ತದೆ, ಮೇ ತಿಂಗಳಿಗೆ ಅದನ್ನು ಕಳಚಿಡುತ್ತದೆ, ಬೆರಳ ಸಂದಿಯಿಂದ ಸಕ್ಕರೆಯಂತೆ ಸುರಿದುಹೋಗುತ್ತದೆ. ಒಣಗಿದ್ದು ಯಾರ ಗೊಂದಲವನ್ನೂ ತನ್ನೊಳಗೆ ತೆಗೆದುಕೊಳ್ಳುವುದಿಲ್ಲ. ರೈತನ ಮಗನಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದಕ್ಕೆ ನನ್ನ ಮುಖ ಆ ಸಂಜೆ ಹೇಗಿತ್ತೆಂಬುದನ್ನು ಹೊನ್ನಮ್ಮ ಇಂದಿಗೂ ನಟಿಸಿ ತೋರಿಸುತ್ತಾಳೆ, ನೆಂಟರು ಬಂದಾಗ ವಿಶೇಷವಾಗಿ.

ಈಗ ಕಾರ್ಮಿನ್ ನದಿಯಾಚೆ ಇದ್ದಾಳೆ, ತರಿಯ ದೋಣಿಯಲ್ಲಿ ಕುಳಿತು ಆಗಾಗ ಬರುತ್ತಾಳೆ. ಪೆದ್ರು ಸಂಜೆ ಬಾರಿಸುವ ಮೊದಲು ಒಂದು ಕೊಡ ನೀರನ್ನು ಕಲ್ಲಿನ ಬುಡಕ್ಕೆ ಹೊಯ್ಯುತ್ತಾನೆ. ಊರೆಲ್ಲ ಒಣಗಿದಾಗಲೂ ಅಲ್ಲೊಂದು ಹಿಡಿ ಹುಲ್ಲು ಹಸಿರಾಗಿದೆ. ಆ ಹೊತ್ತಿಗೆ ಸರಿಯಾಗಿ ಹೊನ್ನಮ್ಮ ಈಚೆ ನಮ್ಮ ಹಂಡೆಗೂ ನೀರು ಹಾಕುತ್ತಾಳೆ. ನನ್ನನ್ನು ಬೀದಿಯ ಮುಂದೆ ನಾಚಿಸಲೆಂದೇ ಆಕೆ ಅದನ್ನು ಅಲ್ಲಿಟ್ಟದ್ದು ನಿಜ. ಆದರೆ ತಳವಿಲ್ಲದ್ದರಿಂದಲೇ ಗಿಡದ ಬೇರು ಹಂಡೆ ದಾಟಿ ನೆಲಕ್ಕಿಳಿದಿದೆ. ತಳ ಅಲ್ಲಿ, ಬೇರು ಇಲ್ಲಿ, ಎರಡೂ ತಮಗೆ ಬೇಕಾದ ತಂಪನ್ನು ಹುಡುಕಿಕೊಂಡಿವೆ. ಮೊನ್ನೆ ಕಂಚುಗಾರ ಬೀದಿಯಲ್ಲಿ ಬಂದಾಗ ಹಂಡೆಯನ್ನು ಕೊಟ್ಟು ಕೊಡ ತೆಗೆದುಕೋ ಎಂದೆ. ಹೊನ್ನಮ್ಮ ಕೇಳಿಸಿಕೊಳ್ಳದವಳಂತೆ ಹೂವು ಕೊಯ್ಯುತ್ತಿದ್ದಳು. ಆ ನಟನೆಯನ್ನು ಆಕೆ ನನ್ನಿಂದಲೇ ಕಲಿತದ್ದು.

ನನ್ನಲ್ಲಿ ಈಗ ಇರುವುದು ಇಷ್ಟು. ಅರ್ಧ ಐದನೆಯ ಇಯತ್ತೆ. ಒಂದು ಇಂಜಿನ್ನು, ಅದು ಸಾಹುಕಾರರದು. ಗೋಡೆಯಾಚೆ ಒಬ್ಬ ಗೆಳೆಯ, ಗೋಡೆಯೀಚೆ ಒಬ್ಬಳು ಹೆಂಡತಿ. ತಳವಿಲ್ಲದ ಹಂಡೆ ಒಂದು. ಅದರಲ್ಲಿ ಅಬ್ಬಲಿಗೆ ಗಿಡ ಒಂದು. ಇವತ್ತು ಬೆಳಿಗ್ಗೆ ಹೂವು ಒಂಬತ್ತು.